ತೂಬು ಕಿತ್ತು ಗೇಟು ಕೂರಿಸುವ ಮುನ್ನ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯಿತಿ ಅಧಿಕಾರಿಗಳು, ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರುಗಳು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಕೆರೆ ಬಳಕೆದಾರರ ಸಂಘದವರಿಗೆ,

ನಮಸ್ಕಾರ.

ಕೆರೆ ಅಭಿವೃದ್ಧಿಯ ಅಂದಾಜು ಪತ್ರಿಕೆಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ‘ಹಳೆಯ ತೂಬು ತೆಗೆದು ಹೊಸ ಗೇಟು ಅಳವಡಿಸುವುದು’. ತೂಬು ಎಂದರೆ ಕೆರೆಯ ನೀರನ್ನು ಏರಿಯ, ಅಂದರೆ ಮಣ್ಣಿನ ಒಡ್ಡಿನ, ಅಡಿಯಿಂದ ಕಾಲುವೆಗೆ ಬಿಡುವ ಕಲ್ಲಿನ ಕಟ್ಟಣೆ. ಹೂಳು ತೆಗೆಯುವುದು, ಏರಿ ಎತ್ತರಿಸುವುದು, ಹೆಚ್ಚಾದ ನೀರು ಹೊರಹೋಗುವ ಕೋಡಿಯ ದುರಸ್ತಿ ಎಂಬ ದೊಡ್ಡ ಮೊತ್ತದ ಬಾಬತ್ತುಗಳ ನಡುವೆ ಈ ಸಾಲನ್ನು ಯಾರೂ ಪ್ರಶ್ನಿಸುವುದಿಲ್ಲ. ಕಲ್ಲು, ಗಚ್ಚು (ಗಾರೆ), ಒಡ್ಡಿನ ಕೆಲಸ ಬಲ್ಲವರಾಗಿ ನಾವು ಕೇಳುವುದು ಇಷ್ಟೇ. ತೂಬಿನ ಒಳಗನ್ನು ತೆರೆದು ನೋಡದೆ ಆ ಸಾಲು ಬರೆಯಬೇಡಿ. ತೆರೆದು ನೋಡಿದ ಮೇಲೆ ಬಹಳಷ್ಟು ಕಡೆ ಕೆಡವುವ ಕಾರಣವೇ ಉಳಿಯುವುದಿಲ್ಲ.

ಹಿಮಾಲಯದ ತಪ್ಪಲಿನಲ್ಲಿ ವರ್ಷವಿಡೀ ಹರಿಯುವ ತೊರೆಗಳಿವೆ. ಅಲ್ಲಿಯವರು ಆ ನೀರಿನಿಂದ ಬೀಸುಕಲ್ಲು ತಿರುಗಿಸಿದರು, ಘರಾಟ್ ಎಂಬ ನೀರಿನ ಗಿರಣಿ ಕಟ್ಟಿದರು. ನಮ್ಮ ಸೀಮೆಯ ಹಳ್ಳಗಳು ಮಳೆಗಾಲ ಮುಗಿದು ಕೆಲವೇ ತಿಂಗಳಿಗೆ ಬತ್ತುತ್ತವೆ. ಗದಗ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 600 ಮಿಲಿಮೀಟರ್. ಇಲ್ಲಿ ಬೀಸುವುದು ಕೈಗೆ, ಗಾಣ ತಿರುಗಿಸುವುದು ಎತ್ತಿಗೆ ಬಂತು. ನೀರನ್ನು ಹಿಡಿದಿಟ್ಟು ಅಳೆದು ಬಿಡುವುದರ ಮೇಲೆ ಕಲ್ಲುಕೆಲಸದವರ ಜಾಣ್ಮೆಯೆಲ್ಲ ನಿಂತಿತು. ಲಕ್ಕುಂಡಿಯ ಮುಸುಕಿನ ಬಾವಿಯನ್ನು ನೋಡಲು ಜನ ದೂರದಿಂದ ಬರುತ್ತಾರೆ, ಬರಲೇಬೇಕು. ಅದೇ ಕಸುಬಿನವರು ಕಟ್ಟಿದ ತೂಬು ಮಾತ್ರ ನೀರಿನಡಿ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಕಾಣುವುದು ಮೇಲೆದ್ದ ಎರಡು ಕಂಬ, ಅವುಗಳ ನಡುವಿನ ಅಡ್ಡಕಲ್ಲು. ಅದನ್ನೇ ತೂಬು ಎಂದು ತಿಳಿದು ‘ವಾಲಿದೆ, ಹಳೆಯದಾಗಿದೆ’ ಎಂದು ಬರೆದುಬಿಡುತ್ತಾರೆ.

ಕಂಬಗಳು ತೂಬಿನ ಹಿಡಿಕೆ ಮಾತ್ರ. ಎರಡು ಕಂಬಗಳ ನಡುವೆ ಒಂದರ ಕೆಳಗೊಂದು ಅಡ್ಡಹಾಸುಗಳಿರುತ್ತವೆ, ಪ್ರತಿ ಹಾಸಿಗೂ ನಡುವೆ ಒಂದು ತೂತು. ಈ ತೂತುಗಳೆಲ್ಲ ಒಂದೇ ಲಂಬದಲ್ಲಿದ್ದು, ಅವುಗಳ ಮೂಲಕ ಇಳಿದ ಕೋಲಿನ ತುದಿಗೆ ಮೊನೆ ಕಿರಿದಾದ ಗೂಟ ಇರುತ್ತದೆ. ಗೂಟ ಕೂರುವುದು ಕೆರೆಯ ತಳದಲ್ಲಿ ಹೂತ ಕಲ್ಲುತೊಟ್ಟಿಯ ಮುಚ್ಚಳಕಲ್ಲಿನ ತೂತಿನಲ್ಲಿ. ಗೂಟ ಎತ್ತಿದರೆ ನೀರು ತೊಟ್ಟಿಗೆ ನೇರ ಕೆಳಕ್ಕೆ ಬೀಳುತ್ತದೆ, ಅಲ್ಲಿ ತನ್ನ ರಭಸ ಕಳೆದುಕೊಳ್ಳುತ್ತದೆ, ಆಮೇಲೆ ತಿರುಗಿ ಏರಿಯ ಅಡಿಯ ಚಪ್ಪಡಿ ಕಾಲುವೆಯಲ್ಲಿ ಹರಿದು ಹೊರಬಾಯಿಗೆ ಬರುತ್ತದೆ. ಇನ್ನೊಂದು ಬಗೆಯ ತೂಬು ಏರಿಯ ಒಳಮೈಗೆ ಮೆಟ್ಟಿಲಾಗಿ ಇಳಿಯುತ್ತದೆ, ಒಂದೊಂದು ಮೆಟ್ಟಿಲಿಗೆ ಒಂದು ತೂತು. ಅದರಲ್ಲಿ ಮೇಲಿನ ತೂತು ಮೊದಲು ತೆರೆಯಬೇಕು. ಮೇಲಿನ ನೀರು ತಿಳಿಯಾಗಿರುತ್ತದೆ, ಒತ್ತಡವೂ ಕಡಿಮೆ. ನೀರು ಇಳಿದಂತೆ ಮುಂದಿನ ಮೆಟ್ಟಿಲು.

ತೂತು ಇಷ್ಟು ಚಿಕ್ಕದೇಕೆ ಎಂದು ಎಂಜಿನಿಯರುಗಳೇ ಕೇಳುವುದುಂಟು. ಲೆಕ್ಕ ಹಾಕೋಣ. ಗೂಟ ಕೂರುವ ತೂತು 15 ಸೆಂಟಿಮೀಟರ್ ಅಡ್ಡಗಲದ್ದು ಎಂದಿಟ್ಟುಕೊಳ್ಳಿ. ಅದರ ಮೇಲೆ 4 ಮೀಟರ್ ನೀರು ನಿಂತಾಗ ಗೂಟದ ಮೇಲೆ ಬೀಳುವ ಭಾರ ಸುಮಾರು 70 ಕಿಲೋ. ಒಂದು ಮೀಟುಗೋಲಿದ್ದರೆ ಒಬ್ಬನೇ ಆಳು ಎತ್ತಬಲ್ಲ. ಅದೇ ಆಳದಲ್ಲಿ 60 ಸೆಂಟಿಮೀಟರ್ ಚೌಕದ ಕಬ್ಬಿಣದ ಗೇಟಿನ ಮೇಲೆ ಬೀಳುವುದು 1,400 ಕಿಲೋಗೂ ಹೆಚ್ಚು. ಅದಕ್ಕೆ ಸ್ಕ್ರೂ ಬೇಕು, ಸ್ಕ್ರೂಗೆ ವರ್ಷವರ್ಷ ಗ್ರೀಸ್ ಬೇಕು, ಗ್ರೀಸ್ ಹಚ್ಚಲು ಒಬ್ಬ ಜವಾಬ್ದಾರ ಮನುಷ್ಯ ಬೇಕು. ಕೆರೆಯ ಸಿಬ್ಬಂದಿಯೇ ಇಲ್ಲದ ಊರಿನಲ್ಲಿ ಗೇಟು ಎರಡನೆಯ ಮಳೆಗಾಲಕ್ಕೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಬಲವಂತ ಮಾಡಿದರೆ ಸರಳು ಬಾಗುತ್ತದೆ. ಹಿತ್ತಾಳೆಯ ನಟ್ಟು ಕಳುವಾದರಂತೂ ಗೇಟು ಇದ್ದೂ ಇಲ್ಲದಂತೆ.

ಹರಿವಿನ ಲೆಕ್ಕವೂ ಇದೇ ತೂತಿನಲ್ಲಿದೆ. ತೂತಿನ ಮೇಲೆ 1 ಮೀಟರ್ ನೀರಿದ್ದಾಗ ಸೆಕೆಂಡಿಗೆ ಸುಮಾರು 47 ಲೀಟರ್ ಹೋದರೆ, 4 ಮೀಟರ್ ಇದ್ದಾಗ ಸುಮಾರು 94 ಲೀಟರ್. ನೀರು ನಾಲ್ಕು ಪಟ್ಟು ಏರಿದರೂ ಹರಿವು ಏರುವುದು ಎರಡೇ ಪಟ್ಟು. ಕೆರೆ ತುಂಬಿದಾಗಲೂ ಕಾಲುವೆ ಕೊಚ್ಚಿಹೋಗದೆ, ಅರ್ಧ ಖಾಲಿಯಾದಾಗಲೂ ಕೊನೆಯ ಗದ್ದೆಗೆ ನೀರು ತಲುಪುವಂತೆ ಕಲ್ಲೇ ನೋಡಿಕೊಳ್ಳುತ್ತದೆ. ಆದ್ದರಿಂದ ‘ನೀರು ಸಾಲದು’ ಎಂದು ಉಳಿ ಹಿಡಿದು ತೂತು ಅಗಲ ಮಾಡುವವರನ್ನು ದಯವಿಟ್ಟು ತಡೆಯಿರಿ. 15 ಸೆಂಟಿಮೀಟರಿನದನ್ನು 20 ಮಾಡಿದರೆ ಹರಿವು ಮುಕ್ಕಾಲು ಪಾಲಿಗಿಂತ ಹೆಚ್ಚಾಗುತ್ತದೆ. ಅಷ್ಟನ್ನು ಹೊರುವಂತೆ ಕೆಳಗಿನ ಕಾಲುವೆಯನ್ನು ಕಟ್ಟಿಲ್ಲ.

ಇನ್ನು ಏರಿಯ ಅಡಿಯ ಚಪ್ಪಡಿ ಕಾಲುವೆ. ಕೆಡವುವ ತೀರ್ಮಾನಗಳಲ್ಲಿ ಅತಿ ಹೆಚ್ಚು ಅಪಾಯ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಹಳೆಯ ಕಾಲುವೆಯ ಎರಡು ಪಕ್ಕ, ಮೇಲೆ, ಕೆಳಗೆ ಚಪ್ಪಡಿ. ಸಂದುಗಳಲ್ಲಿ ತೆಳು ಗಚ್ಚು, ಕೆಲವು ಕಡೆ ಅದೂ ಇಲ್ಲ. ಅದು ತಡೆಯುತ್ತಿರುವುದಕ್ಕೆ ಕಾರಣ ಒಂದೇ: ನೀರಿನ ನಿಯಂತ್ರಣ ಕೆರೆಯ ಕಡೆ, ಗೂಟದಲ್ಲಿದೆ. ಗೂಟದಿಂದ ಈಚೆಗೆ ಕಾಲುವೆ ಎಂದೂ ತುಂಬಿ ಹರಿಯುವುದಿಲ್ಲ. ನೀರಿನ ಮೇಲೆ ಗಾಳಿ ಆಡುತ್ತಿರುತ್ತದೆ, ಆದ್ದರಿಂದ ಗೋಡೆಗಳ ಮೇಲೆ ಒತ್ತಡವಿಲ್ಲ. ಈಗ ಹೊರಬಾಯಿಯಲ್ಲಿ ಒಂದು ವಾಲ್ವ್ ಕೂರಿಸಿದಿರಿ ಎನ್ನಿ. ಕೆಲಸ ಸುಲಭ, ಕೆರೆ ಖಾಲಿ ಮಾಡಬೇಕಿಲ್ಲ, ತೆರೆಯುವವನಿಗೂ ಹತ್ತಿರ. ಆದರೆ ವಾಲ್ವ್ ಮುಚ್ಚಿದ ಕೂಡಲೇ ಕೆರೆಯ ಪೂರ್ತಿ ಒತ್ತಡ ಏರಿಯ ಹೊಟ್ಟೆಯೊಳಗೆ ಬಂದು ನಿಲ್ಲುತ್ತದೆ. ಸಂದುಸಂದಿನಿಂದ ನೀರು ಮಣ್ಣಿಗೆ ನುಗ್ಗುತ್ತದೆ, ನುಗ್ಗಿದ ನೀರು ಮಣ್ಣಿನ ಕಣಗಳನ್ನು ಹೊತ್ತುಕೊಂಡು ಹೊರಬರುತ್ತದೆ, ಕಾಲುವೆಯ ಪಕ್ಕದಲ್ಲಿ ಪೊಳ್ಳು ಬೆಳೆಯುತ್ತದೆ. ಹೊರಮೈಯ ತಳದಲ್ಲಿ ಕೆಸರು ಬೆರೆತ ಒಸರು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹೊರಬಾಯಿಯನ್ನು ಚಿಕ್ಕ ಪೈಪಿನಿಂದ ಕಿರಿದು ಮಾಡುವುದೂ ಇದೇ ತಪ್ಪು. ಹಳೆಯ ಕಾಲುವೆಯ ಹೊರತುದಿಯಲ್ಲಿ ಯಾವ ತಡೆಯನ್ನೂ ಹಾಕಬೇಡಿ. ಈ ಪತ್ರದಲ್ಲಿ ಒಂದೇ ಒಂದು ಮಾತನ್ನು ಆದೇಶವಾಗಿ ಹೊರಡಿಸುವುದಾದರೆ ಇದನ್ನು ಹೊರಡಿಸಿ.

ಹಳೆಯದನ್ನು ಕಿತ್ತು ಸಿಮೆಂಟ್ ಕೊಳವೆ ಹಾಕುವುದಾದರೆ ಏರಿಯನ್ನು ಅಡಿಯವರೆಗೆ ಸೀಳಬೇಕು. ನೂರಾರು ವರ್ಷ ದನಕರುಗಳ, ಗಾಡಿಗಳ ತುಳಿತಕ್ಕೆ, ತನ್ನದೇ ಭಾರಕ್ಕೆ ಕೂತ ಮಣ್ಣು ಅದು. ಮತ್ತೆ ತುಂಬುವಾಗ 15 ಸೆಂಟಿಮೀಟರಿನ ಪದರು ಹಾಕಿ, ಹದವಾದ ತೇವದಲ್ಲಿ ಬಡಿದು, ಸೀಳಿನ ಎರಡು ಪಕ್ಕಗಳನ್ನು ಮೆಟ್ಟಿಲಾಗಿ ಕಡಿದು ಹೊಸ ಮಣ್ಣನ್ನು ಹಳೆಯದಕ್ಕೆ ಹೆಣೆಯಬೇಕು. ಗುತ್ತಿಗೆಯ ಆತುರದಲ್ಲಿ ನಡೆಯುವುದು ಬೇರೆ. ಜೆಸಿಬಿ ಒಂದು ಮೀಟರ್ ಒಣಮಣ್ಣು ಸುರಿದು ಬಕೆಟ್ಟಿನಿಂದ ತಟ್ಟುತ್ತದೆ. ಗುಂಡಗಿನ ಕೊಳವೆಯ ಕೆಳಭಾಗಕ್ಕೆ ಬಡಿಗೆ ತಲುಪುವುದೇ ಇಲ್ಲ, ಅಲ್ಲೊಂದು ಸಂದು ಉಳಿಯುತ್ತದೆ, ನೀರು ಕೊಳವೆಯ ಒಳಗೆ ಹರಿಯುವ ಬದಲು ಅದರ ಹೊರಮೈಗೆ ಅಂಟಿಕೊಂಡು ಹರಿಯುತ್ತದೆ. ನಮ್ಮ ಎರೆಮಣ್ಣು ಇದನ್ನು ಇನ್ನೂ ಕೆಡಿಸುತ್ತದೆ. ತೇವವಿದ್ದಾಗ ಉಬ್ಬುತ್ತದೆ, ಒಣಗಿದಾಗ ಅಂಗೈ ತೂರುವಷ್ಟು ಬಿರಿಯುತ್ತದೆ. ಹೊಸದಾಗಿ ತುಂಬಿದ ಎರೆ ಮೊದಲ ಬೇಸಿಗೆಯಲ್ಲಿ ಬಿರಿದು, ಮೊದಲ ತುಂಬುಕೆರೆಗೆ ಬಾಯಿ ಬಿಡುತ್ತದೆ. ಎರೆಯನ್ನೇ ಬಳಸಬೇಕಾದರೆ ಒಳಗರ್ಭದಲ್ಲಿ ಬಳಸಿ, ಅದರ ಮೇಲೆ ಕನಿಷ್ಠ 30 ಸೆಂಟಿಮೀಟರ್ ಗರಸು ಹೊದಿಸಿ, ಒಣಗದಂತೆ ಕಾಪಾಡಿ.

ಹಾಗಾದರೆ ಹಳೆಯ ತೂಬು ಕೆಡುವುದೇ ಇಲ್ಲವೇ? ಕೆಡುತ್ತದೆ. ಗೂಟದ ಮರ ಸವೆದು ಸೋರುತ್ತದೆ. ತೊಟ್ಟಿಯಲ್ಲಿ ಹೂಳು ತುಂಬಿ ನೀರೇ ಬರುವುದಿಲ್ಲ, ಅದನ್ನು ‘ತೂಬು ಸತ್ತಿದೆ’ ಎನ್ನುತ್ತಾರೆ. ಏರಿಯ ಮೇಲಿನ ಆಲ, ಬೇವಿನ ಬೇರು ಚಪ್ಪಡಿಯ ಸಂದಿಗೆ ಇಳಿದು ಕಲ್ಲನ್ನು ಜರುಗಿಸುತ್ತದೆ. ಏಡಿ, ಹೆಗ್ಗಣದ ಬಿಲಗಳು ಕಾಲುವೆಯ ಪಕ್ಕದಲ್ಲೇ ಇರುತ್ತವೆ, ಏಕೆಂದರೆ ಅಲ್ಲಿ ತಂಪು. ನಿಧಿಯ ಆಸೆಗೆ ಕಂಬದ ಬುಡ ಅಗೆದವರೂ ಇದ್ದಾರೆ. ಮುಚ್ಚಳಚಪ್ಪಡಿ ಒಂದೋ ಎರಡೋ ಮುರಿದಿರಬಹುದು. ಇವುಗಳಲ್ಲಿ ಪೂರ್ತಿ ಬಿಚ್ಚಿ ಕಟ್ಟಬೇಕಾದದ್ದು ಕಾಲುವೆಯ ತಳವೇ ಕುಸಿದಾಗ ಮಾತ್ರ. ಉಳಿದೆಲ್ಲಕ್ಕೂ ಅಲ್ಲಲ್ಲೇ ಮದ್ದುಂಟು.

ದುರಸ್ತಿಗೆ ಕಾಲ ಮುಖ್ಯ. ಕೆರೆ ತಳ ಕಾಣುವುದು ಫೆಬ್ರುವರಿಯಿಂದ ಮೇ ವರೆಗೆ. ಗಚ್ಚಿನ ಕೆಲಸ ಏಪ್ರಿಲ್ ಕೊನೆಗೆ ಮುಗಿಯಬೇಕು, ಏಕೆಂದರೆ ಜೂನಿನ ನೀರು ತಾಗುವ ಮುನ್ನ ಅದಕ್ಕೆ 28 ದಿನದ ಆರೈಕೆ ಬೇಕು. ಟೆಂಡರ್ ಮಾರ್ಚಿ ಕೊನೆಗೆ ತೆರೆದು ಮೇ ತಿಂಗಳಲ್ಲಿ ಕೆಲಸದ ಆದೇಶ ಕೊಟ್ಟರೆ ಎಂಥ ಗೌಂಡಿಯೂ ಒಳ್ಳೆಯ ಕೆಲಸ ಮಾಡಲಾರ. ನದಿಯಿಂದ ನೀರೆತ್ತಿ ಕೆರೆ ತುಂಬಿಸುವ ಯೋಜನೆಗಳು ಬಂದಮೇಲೆ ಹಲವು ಕೆರೆಗಳು ಬೇಸಿಗೆಯಲ್ಲೂ ತುಂಬಿರುತ್ತವೆ. ಅದು ಒಳ್ಳೆಯದೇ, ಆದರೆ ತೂಬಿನ ತಳ ನೋಡುವ ಅವಕಾಶವೇ ಇಲ್ಲವಾಗಿದೆ. ನಾಲ್ಕೈದು ವರ್ಷಕ್ಕೊಮ್ಮೆ ಸರದಿಯ ಮೇಲೆ ಒಂದೊಂದು ಕೆರೆಗೆ ಮೂರು ತಿಂಗಳು ನೀರು ಬಿಡದೆ ಇರಿ.

ಮೊದಲ ಕೆಲಸ ಅಳತೆ. ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ಅಂಕಿ ಬರೆದು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕೋಡಿಯ ನೆತ್ತಿಯಿಂದ ಪ್ರತಿ ತೂತು ಎಷ್ಟು ಕೆಳಗಿದೆ ಎಂದು ಲೆವೆಲ್ ಹಿಡಿದು ದಾಖಲಿಸಿ. ಕಲ್ಲು ಮರಳಿ ಕೂರಿಸುವಾಗ ತೂತು 10 ಸೆಂಟಿಮೀಟರ್ ಮೇಲೆ ಹೋದರೂ ಕೆರೆಯ ಕೊನೆಯ ಪದರು ನೀರು ರೈತರಿಗೆ ಸಿಗದೆ ಉಳಿಯುತ್ತದೆ. ಆಮೇಲೆ ಕಂಬಗಳ ಸುತ್ತ ಮೂರು ಮೀಟರ್‌ವರೆಗೆ ಕೈಯಿಂದಲೇ ಹೂಳು ತೆಗೆಯಿರಿ. ತೊಟ್ಟಿ ಖಾಲಿ ಮಾಡಿ, ಮನುಷ್ಯ ಇಳಿಯುವ ಮೊದಲು ಒಂದು ದಿನ ಗಾಳಿಯಾಡಲು ಬಿಡಿ. ಮುಚ್ಚಿದ ತೊಟ್ಟಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲೇಬೇಕು. ಚಪ್ಪಡಿ ಕಾಲುವೆಯೊಳಗೆ ಈಗ ಅಗ್ಗಕ್ಕೆ ಸಿಗುವ ಪೈಪ್ ಕ್ಯಾಮೆರಾ ಕಳಿಸಿದರೆ ಯಾವ ಚಪ್ಪಡಿ ಮುರಿದಿದೆ, ಬೇರು ಎಲ್ಲಿದೆ ಎಂದು ಗೊತ್ತಾಗುತ್ತದೆ. ಏರಿ ಸೀಳುವ ಖರ್ಚಿನ ಮುಂದೆ ಇದು ಲೆಕ್ಕಕ್ಕಿಲ್ಲ.

ಸಂದು ತುಂಬಲು ಸಿಮೆಂಟ್ ಬೇಡ. ಅದು ಕಲ್ಲಿಗಿಂತ ಬಿಗಿಯಾಗಿ ನಿಂತು ಅಲುಗಾಟ ತಡೆಯದೆ ಬಿರಿಯುತ್ತದೆ, ಒಳಗಿನ ತೇವವನ್ನು ಹೊರಬಿಡದೆ ಬಳಪದ ಕಲ್ಲಿನಂಥ ಮೆದು ಕಲ್ಲಿನ ಅಂಚನ್ನು ಪದರುಪದರಾಗಿ ಉದುರಿಸುತ್ತದೆ. ಸವುಳು ಇರುವ ಎರೆಯಲ್ಲಿ ಉಪ್ಪು ಸಿಮೆಂಟನ್ನೇ ತಿನ್ನುತ್ತದೆ. ಬೇಕಾದದ್ದು ಸುಣ್ಣ, ಆದರೆ ಬರಿ ಸುಣ್ಣವೂ ಸಾಲದು. ಬರಿ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು, ನೀರಿನಡಿ ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ. ಸುರ್ಖಿ, ಅಂದರೆ ಇಟ್ಟಿಗೆಯ ಪುಡಿ, ಬೆರೆತರೆ ಮಾತ್ರ ನೀರಿನಲ್ಲೂ ಗಟ್ಟಿಯಾಗುತ್ತದೆ. ಸುರ್ಖಿಗೆ ಹದವಾಗಿ ಬೆಂದ ಕೆಂಪು ಇಟ್ಟಿಗೆಯ ಪುಡಿ ಬೇಕು. ಅತಿಯಾಗಿ ಬೆಂದು ಕಪ್ಪಾದ ಇಟ್ಟಿಗೆಯ ಪುಡಿ ಸುಣ್ಣದೊಡನೆ ಕೂಡುವುದಿಲ್ಲ, ಉಸುಕಿನ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಭಟ್ಟಿಯಿಂದ ತಂದ ಹೊಸ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ನೀರು ಆರದಂತೆ ಕನಿಷ್ಠ 15 ದಿನ, ಸಾಧ್ಯವಾದರೆ ಒಂದು ತಿಂಗಳು, ಕೊಳೆಸಿ. ಅರಳದೆ ಉಳಿದ ಹರಳು ಗೋಡೆಯೊಳಗೆ ಹೋದ ಮೇಲೆ ಅರಳಿ ಗಚ್ಚನ್ನು ಎತ್ತಿಹಾಕುತ್ತದೆ, ಅದಕ್ಕೇ ಜರಡಿ ಹಿಡಿಯಬೇಕು. ಅಳತೆಯಲ್ಲಿ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಖಿ, ಒಂದು ಪಾಲು ತೊಳೆದ ಉಸುಕು. ಗಾರೆಯ ಗಾಣವಿದ್ದರೆ ಅದರಲ್ಲಿ, ಇಲ್ಲದಿದ್ದರೆ ಯಂತ್ರದ ರೋಲರಿನಲ್ಲಿ ಅರೆಯಬೇಕು. ಕಾಂಕ್ರೀಟ್ ಮಿಕ್ಸರ್ ತಿರುವುತ್ತದೆ, ಅರೆಯುವುದಿಲ್ಲ. ಬೆರಳ ನಡುವೆ ತಿಕ್ಕಿದರೆ ಸುಣ್ಣದ ಗಂಟು ಸಿಗಬಾರದು.

ಬಳಸುವ ಮುನ್ನ ಒಂದು ಪರೀಕ್ಷೆ ಮಾಡಿ. ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಅದು ಬಿಗಿದುಕೊಂಡ ಮೇಲೆ ಬಕೆಟ್ ನೀರಿನಲ್ಲಿ ಏಳು ದಿನ ಮುಳುಗಿಸಿಡಿ. ಕರಗದೆ, ಉಗುರಿಗೆ ಮಣಿಯದೆ ಇದ್ದರೆ ಸುರ್ಖಿ ಸರಿಯಿದೆ. ಉಂಡೆ ಕದಡಿದರೆ ಆ ಸುರ್ಖಿಯ ರಾಶಿಯನ್ನು ತಿರಸ್ಕರಿಸಿ. ಬಿಲ್ಲಿನ ಜೊತೆ ಈ ಪರೀಕ್ಷೆಯ ಫೋಟೊ ಕಡ್ಡಾಯ ಮಾಡಿದರೆ ಅರ್ಧ ಕಳಪೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಂದಿನ ಹಳೆಯ ಗಚ್ಚನ್ನು ಉಳಿಯಿಂದ, ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆದಕಬೇಕು. ಗ್ರೈಂಡರ್ ಹಿಡಿದರೆ ಕಲ್ಲಿನ ಅಂಚು ಹೋಗುತ್ತದೆ. ನೀರು ಚಿಮುಕಿಸಿ, ಆಳವಾದ ಕಡೆ ಕಲ್ಲುಚಕ್ಕೆ ಕೂರಿಸಿ ಗಚ್ಚು ಒತ್ತಿ, ಒದ್ದೆ ಗೋಣಿತಟ್ಟು ಹೊದಿಸಿ. ನಮ್ಮ ಏಪ್ರಿಲಿನ ಒಣಗಾಳಿಗೆ ತಟ್ಟು ಎರಡು ಗಂಟೆಯಲ್ಲಿ ಒಣಗುತ್ತದೆ, ನೀರು ಹಾಕಲೆಂದೇ ಒಬ್ಬ ಆಳಿನ ಕೂಲಿ ಅಂದಾಜಿನಲ್ಲಿರಲಿ.

ಗೂಟಕ್ಕೆ ಜಾಲಿ ಒಳ್ಳೆಯದು, ನಮ್ಮಲ್ಲೇ ಬೆಳೆಯುತ್ತದೆ. ಬಲಿತ ಕೆಚ್ಚು ಮಾತ್ರ ಬಳಸಿ, ಬಿಳಿ ಭಾಗ ಕೆತ್ತಿಹಾಕಿ. ಗೂಟವನ್ನು ತೂತಿನಲ್ಲೇ ಇಟ್ಟು ಸುತ್ತ ಮಸಿ ಹಚ್ಚಿ ತಿರುವಿ, ಮಸಿ ಎಲ್ಲ ಕಡೆ ಸಮನಾಗಿ ಅಂಟುವವರೆಗೆ ಕೆತ್ತಬೇಕು. ಇದು ಅರ್ಧ ದಿನದ ಕೆಲಸ, ಆದರೆ ಸೋರಿಕೆಯ ದೂರು ನಿಲ್ಲುವುದು ಇದರಿಂದಲೇ. ಒಂದು ಹೆಚ್ಚುವರಿ ಗೂಟ ಮಾಡಿ ಪಂಚಾಯಿತಿಯಲ್ಲಿ ನೀರಿನ ತೊಟ್ಟಿಯಲ್ಲಿಡಿ, ಒಣಗಿದ ಗೂಟ ಸೀಳುತ್ತದೆ.

ಹೂಳು ತೆಗೆಯುವ ಯಂತ್ರದವರಿಗೆ ಎರಡು ಗೆರೆ ಹಾಕಿಕೊಡಿ. ತೂಬಿನಿಂದ 10 ಮೀಟರ್ ಒಳಗೆ ಯಂತ್ರ ಬರಬಾರದು. ಏರಿಯ ಒಳಪಾದದ ಬಳಿ ಅಗೆಯಬಾರದು, ಪಾದದಿಂದ ದೂರ ಸರಿದಂತೆ ಮಾತ್ರ ಇಳಿಜಾರಾಗಿ ಆಳ ಹೆಚ್ಚಿಸಬಹುದು. ಪಾದದಲ್ಲೇ ಗುಂಡಿ ತೋಡಿದರೆ ಏರಿಯ ಒಳಮೈಗೆ ಆಧಾರ ಹೋಗಿ, ನೀರು ಇಳಿಯುವಾಗ ಒದ್ದೆಮಣ್ಣು ಜಾರುತ್ತದೆ.

ಕೊಳವೆಬಾವಿಗಳು ಬಂದಮೇಲೆ ‘ತೂಬಿನ ನೀರು ಯಾರಿಗೂ ಬೇಡ, ಕಾಂಕ್ರೀಟ್ ಹಾಕಿ ಮುಚ್ಚಿ, ಕೆರೆ ಇಂಗಿದರೆ ಸಾಕು’ ಎಂಬ ಮಾತು ಕೇಳಿಬರುತ್ತಿದೆ. ಇಂಗಿಸುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಕೋಡಿ ತನ್ನ ನೆತ್ತಿಯಿಂದ ಮೇಲಿನ ನೀರನ್ನಷ್ಟೇ ಬಿಡುತ್ತದೆ. ಏರಿ ಸೋರತೊಡಗಿದಾಗ ಕೆರೆಯ ಮಟ್ಟ ಇಳಿಸಲು ತೂಬು ಬಿಟ್ಟರೆ ಬೇರೆ ದಾರಿಯಿಲ್ಲ. 10 ಹೆಕ್ಟೇರ್ ನೀರು ಹರಡಿದ ಕೆರೆಯಲ್ಲಿ, ಮೇಲೆ ಹೇಳಿದ 15 ಸೆಂಟಿಮೀಟರಿನ ಒಂದೇ ತೂತು ತುಂಬುಕೆರೆಯಲ್ಲಿ ದಿನಕ್ಕೆ ಸುಮಾರು 8 ಸೆಂಟಿಮೀಟರ್ ಮಟ್ಟ ಇಳಿಸುತ್ತದೆ. ಏರಿ ಜಾರದಷ್ಟು ನಿಧಾನ. 2009ರ ಸೆಪ್ಟೆಂಬರ್ ಕೊನೆಯ ಮಳೆ, 2019ರ ಆಗಸ್ಟಿನ ಮಳೆ ಈ ಜಿಲ್ಲೆಗಳು ಮರೆತಿಲ್ಲ. ಅಂಥ ಮಳೆಯ ಮುನ್ಸೂಚನೆ ಬಂದಾಗ ವಾರ ಮೊದಲೇ ತೂಬು ತೆರೆಯುವ ಅವಕಾಶ ಉಳಿಸಿಕೊಳ್ಳಿ. ಕಾಂಕ್ರೀಟ್ ಸುರಿದ ತೂಬನ್ನು ಆ ರಾತ್ರಿ ಯಾರೂ ತೆರೆಯಲಾರರು.

ಕಲ್ಲಿನ ಮೇಲೆ ಏನಿದೆ ಎಂಬುದನ್ನೂ ನೋಡಿ. ತೂಬಿನ ಅಡ್ಡಕಲ್ಲುಗಳಲ್ಲಿ ಗಜಲಕ್ಷ್ಮಿ, ಕಮಲ ಇರುತ್ತವೆ, ಕಂಬಗಳ ಮೈಮೇಲೆ ಕೆಲವೊಮ್ಮೆ ಶಾಸನ. ಕೆರೆ ಕಟ್ಟಿಸಿದವರು, ಅದರ ಜೀರ್ಣೋದ್ಧಾರಕ್ಕೆ ಬಿಟ್ಟ ಬಿತ್ತುವಟ್ಟದ ಭೂಮಿ, ಇಂಥ ವಿವರ ನಮ್ಮ ನಾಡಿನ ಕೆರೆಶಾಸನಗಳಲ್ಲಿ ತುಂಬಿದೆ. ಬಣ್ಣ, ಸುಣ್ಣ, ಸಿಮೆಂಟ್ ಲೇಪ ಅಕ್ಷರಗಳನ್ನು ಕೊಲ್ಲುತ್ತವೆ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ, ಶಾಸನದ ಪಡಿಯಚ್ಚು ತೆಗೆಯಬಲ್ಲವರು ದೂರವಿಲ್ಲ. ಕೆಲಸ ಶುರುವಾಗುವ ಮುನ್ನ ಒಂದು ಪತ್ರ ಬರೆದು ಕರೆಯಿರಿ. 1961ರ ರಾಜ್ಯ ಸ್ಮಾರಕ ಕಾಯ್ದೆ ಕಾಯುವುದು ಅಧಿಸೂಚನೆಯಾದ ಸ್ಮಾರಕಗಳನ್ನು. ಊರ ತೂಬುಗಳಲ್ಲಿ ಹೆಚ್ಚಿನವು ಆ ಪಟ್ಟಿಯಲ್ಲಿಲ್ಲ, ಅಂದರೆ ಅವುಗಳ ಉಳಿವು ಪೂರ್ತಿ ನಿಮ್ಮ ಅಂದಾಜು ಪತ್ರಿಕೆಯ ಕೈಲಿದೆ. ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದವರು ಕಟ್ಟಿದ ಮದಗದ ಕೆರೆ, ಮುಂಡರಗಿ ತಾಲ್ಲೂಕಿನ ಡಂಬಳದ ಕೆರೆ, ಹಾವೇರಿಯ ಹೆಗ್ಗೇರಿ, ಸವಣೂರಿನ ಮೋತಿ ತಲಾಬ್, ಇಂಥ ದೊಡ್ಡ ಹೆಸರುಗಳಿಗೆ ಹೇಗೋ ಗಮನ ಸಿಕ್ಕೀತು. 2024ರಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಪಟ್ಟೆತಲೆ ಹೆಬ್ಬಾತುಗಳ ದೆಸೆಯಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿತು. ನಮ್ಮ ಚಿಂತೆ ಹೆಸರಿಲ್ಲದ ಸಣ್ಣ ಕೆರೆಗಳದು.

ಆದ್ದರಿಂದ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ (ನೀರುಣ್ಣುವ ಭೂಮಿಯ) ಕೆರೆಗಳನ್ನು ನೋಡಿಕೊಳ್ಳುವ ಜಿಲ್ಲಾ ಪಂಚಾಯಿತಿಗಳೂ ಅದಕ್ಕಿಂತ ದೊಡ್ಡವನ್ನು ನೋಡಿಕೊಳ್ಳುವ ಸಣ್ಣ ನೀರಾವರಿ ಇಲಾಖೆಯೂ ಒಂದು ಸುತ್ತೋಲೆ ಹೊರಡಿಸಲಿ. ತೂಬು ಕೆಡವುವ ಪ್ರಸ್ತಾವಕ್ಕೆ ಒಳಗಿನ ಫೋಟೊ, ಅಳತೆಯ ನಕ್ಷೆ, ಕುಸಿದಿರುವ ಭಾಗದ ಗುರುತು ಇಲ್ಲದಿದ್ದರೆ ಮಂಜೂರಾತಿ ಬೇಡ. ದರಪಟ್ಟಿಯಲ್ಲಿ ಸುಣ್ಣ-ಸುರ್ಖಿ ಗಚ್ಚು, ಮರದ ಗೂಟ, ಕೈಯಿಂದ ಹೂಳು ತೆಗೆಯುವಿಕೆ, 28 ದಿನದ ನೀರುಣಿಸುವಿಕೆ, ಇವಕ್ಕೆ ಪ್ರತ್ಯೇಕ ದರ ಬರಲಿ. ದರವಿಲ್ಲದ ಕೆಲಸವನ್ನು ಒಳ್ಳೆಯ ಎಂಜಿನಿಯರೂ ಬರೆಯಲಾರ. ಗೇಟು ಅನಿವಾರ್ಯವಾದ ಕಡೆ ಅದು ಕೆರೆಯ ಕಡೆಯ ಮುಖದಲ್ಲೇ ಇರಲಿ, ಹಳೆಯ ಕಂಬ ಮತ್ತು ಅಡ್ಡಕಲ್ಲುಗಳು ಅಲ್ಲೇ ನಿಲ್ಲಲಿ. ಗ್ರಾಮ ಪಂಚಾಯಿತಿಗಳು ಈ ಬೇಸಿಗೆಯಲ್ಲೇ ತಮ್ಮ ಕೆರೆಗಳ ತೂಬುಗಳ ಪಟ್ಟಿ ಮಾಡಲಿ: ಎಷ್ಟು ತೂಬು, ತೂತಿನ ಅಳತೆ ಎಷ್ಟು, ಗೂಟ ಇದೆಯೋ ಇಲ್ಲವೋ, ಹೊರಬಾಯಿಗೆ ಯಾರಾದರೂ ವಾಲ್ವ್ ಹಾಕಿದ್ದಾರೋ. ಹಾಕಿದ್ದರೆ ಅದನ್ನು ಮಳೆಗಾಲಕ್ಕೆ ಮೊದಲು ತೆಗೆಸಿ.

ತಮ್ಮ ವಿಶ್ವಾಸಿಗಳು,
ಧಾರವಾಡ, ಗದಗ, ಹಾವೇರಿ ಸೀಮೆಯ ಕಲ್ಲುಕೆಲಸ, ಗಚ್ಚು ಮತ್ತು ಕೆರೆ ಕಾಮಗಾರಿ ಬಲ್ಲವರು